ಎರರ್ ಬಾರದ ತಪ್ಪುಗಳು: ಕೋಲಾರದ ಒಂದು ಟೊಮೆಟೊ ಲೆಕ್ಕ ಮತ್ತು ಆಕ್ಟೇವ್‌ನ ಮ್ಯಾಟ್ರಿಕ್ಸ್ ಇಂಡೆಕ್ಸಿಂಗ್

ಕೋಲಾರದ ಎಪಿಎಂಸಿ ಯಾರ್ಡಿಗೆ ಟೊಮೆಟೊ ಹಾಕುವ ಮನೆಗಳಲ್ಲಿ ಲೆಕ್ಕ ಅಂದರೆ ಚೀಟಿ. ಹರಾಜು ಮುಗಿದ ಮೇಲೆ ಎಷ್ಟು ಬಾಕ್ಸ್, ಬಾಕ್ಸಿಗೆ ಎಷ್ಟು ಅಂತ ಮಂಡಿಯವರು ಬರೆದು ಕೊಡುತ್ತಾರೆ. ಒಂದು ಬಾಕ್ಸ್ ಅಂದರೆ 15 ಕೆಜಿ. ಮುಳಬಾಗಿಲು ತಾಲ್ಲೂಕಿನ ಒಂದು ಮನೆಯವರು ಒಂದು ಬೆಳೆಯ ಚೀಟಿಗಳನ್ನೆಲ್ಲ ಜೋಪಾನವಾಗಿ ಎತ್ತಿಟ್ಟಿದ್ದರು. ಆ ಮನೆಯ ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ನಾನು ಪಾಠ ಮಾಡುವ ಲ್ಯಾಬಿನಲ್ಲಿ ಗ್ನೂ ಆಕ್ಟೇವ್ ಅನ್ನುವ ಲೆಕ್ಕದ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದಾಳೆ. ಮಿನಿ ಪ್ರಾಜೆಕ್ಟಿಗೆ ಎಲ್ಲಿಂದಲೋ ತಂದ ಡೇಟಾ ಬೇಡ, ಮನೆಯ ಚೀಟಿಗಳನ್ನೇ ತರುತ್ತೇನೆ ಅಂದಳು. ಇದಕ್ಕಿಂತ ಒಳ್ಳೆಯ ಡೇಟಾ ಇಲ್ಲ ಅಂತ ನನಗೆ ಈಗಲೂ ಅನಿಸುತ್ತದೆ. ಯಾಕೆಂದರೆ ಉತ್ತರ ತಪ್ಪಾದರೆ ತಕ್ಷಣ ಹಿಡಿಯುವ ಒಬ್ಬರು ಮನೆಯಲ್ಲೇ ಇರುತ್ತಾರೆ. ಅವಳ ತಂದೆ ಹಾಗೆಯೇ ಹಿಡಿದರು.

ಅವರಿಗೆ ಬೇಕಿದ್ದದ್ದು ಇಷ್ಟು. ಒಟ್ಟು ಎಷ್ಟು ಬಂತು? ಗಾಡಿ ಬಾಡಿಗೆ, ಕೂಲಿ ಕಳೆದು ಎಷ್ಟು ಉಳಿಯಿತು? ದಪ್ಪ ಹಣ್ಣಿನ ಬಾಕ್ಸಿಗೆ ಸರಾಸರಿ ಎಷ್ಟು ಬಿತ್ತು? 300ರಿಂದ 500 ರೂಪಾಯಿ ಒಳಗೆ ಎಷ್ಟು ಸಲ ಮಾರಿದೆವು? ಕೊನೆಯ ಪ್ರಶ್ನೆಗೆ ಕಾರಣವಿದೆ. 300ಕ್ಕಿಂತ ಕೆಳಗೆ ಹೋದರೆ ಕೈಯಿಂದ ಹೋಗುತ್ತದೆ ಅನ್ನುವುದು ಅವರ ಲೆಕ್ಕ. 500ರ ಮೇಲೆ ಸಿಕ್ಕರೆ ಅದು ಅದೃಷ್ಟ, ಅದನ್ನು ನಂಬಿ ಮುಂದಿನ ನಾಟಿ ಮಾಡಲಾಗದು. 2023ರ ಜುಲೈನಲ್ಲಿ ಇದೇ ಯಾರ್ಡಿನಲ್ಲಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಅದನ್ನು ನೋಡಿದವರು ಕೂಡ ಬೆಳೆ ಇಡುವಾಗ ಆ ದರ ಹಿಡಿದು ಲೆಕ್ಕ ಹಾಕುವುದಿಲ್ಲ.

ಅವಳು ಎರಡು ಮ್ಯಾಟ್ರಿಕ್ಸ್, ಅಂದರೆ ಸಾಲು-ಕಾಲಂಗಳಲ್ಲಿ ಜೋಡಿಸಿದ ಅಂಕಿಗಳ ಪಟ್ಟಿ, ಮಾಡಿಕೊಂಡಳು. ಒಂದು ಸಲದ ಮಾರಾಟಕ್ಕೆ ಒಂದು ಸಾಲು. ಕಾಲಂಗಳು ಮೂರು: ದಪ್ಪ, ನಡು, ಸಣ್ಣ. ಮನೆಯವರ ನಿಜವಾದ ಅಂಕಿ ಇಲ್ಲಿ ಬೇಡ ಅಂತ ನಾನು ದುಂಡು ಅಂಕಿಗಳನ್ನು ಇಟ್ಟಿದ್ದೇನೆ. ಸಾಲುಗಳನ್ನೂ ಕಡಿಮೆ ಮಾಡಿದ್ದೇನೆ, ಮನೆಯವರ ಮಾತುಗಳಲ್ಲೂ ಈ ಅಂಕಿಗಳನ್ನೇ ಹಾಕಿದ್ದೇನೆ. ಹೆಸರುಗಳನ್ನು ಓದಲು ಸುಲಭವಾಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ, ಆಕ್ಟೇವ್‌ನಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.

ದರ = [250 180 90; 320 240 120; 410 300 150; 560 420 200; 480 350 170; 300 220 100]

ಬಾಕ್ಸ್ = [20 15 10; 40 25 12; 60 30 15; 55 35 20; 45 30 20; 25 20 15]

ಎರಡೂ 6 ಸಾಲು, 3 ಕಾಲಂ, ಅಂದರೆ 6x3.

ಆರಕ್ಕೆ ಆರೂ ನಿಜ

ಮೊದಲು ಎಡವಿದ್ದು ಕೊನೆಯ ಪ್ರಶ್ನೆಯಲ್ಲಿ. ಅವಳು ಬರೆದದ್ದು ಹೀಗೆ:

ಸಮ್(300 < ದರ(:,1) < 500)

ದರ(:,1) ಅಂದರೆ ದರದ ಮೊದಲ ಕಾಲಂ ಪೂರ್ತಿ, ಸಮ್ ಅಂದರೆ ಕೂಡುವುದು. ಉತ್ತರ 6. ಎರರ್ ಇಲ್ಲ. ಮನೆಯಲ್ಲಿ ಹೇಳಿದಾಗ ತಂದೆ ಕೇಳಿದರಂತೆ: "ಮೊದಲನೇ ಸಲ 250ಕ್ಕೆ ಹೋಗಿತ್ತಲ್ಲಮ್ಮಾ, ಅದೂ ಸೇರಿತಾ?" ಸೇರಿತ್ತು. 560ಕ್ಕೆ ಹೋದದ್ದೂ ಸೇರಿತ್ತು.

ಪುಸ್ತಕದಲ್ಲಿ ಗಣಿತ ಓದುವವರಿಗೆ 300 < ಎಕ್ಸ್ < 500 ಅನ್ನುವುದು ಒಂದೇ ಮಾತು. ಆಕ್ಟೇವ್‌ಗೆ ಅದು ಎರಡು ಮಾತು, ಎಡದಿಂದ ಬಲಕ್ಕೆ ಒಂದಾದ ಮೇಲೆ ಒಂದು. ಮೊದಲು 300 < ದರ(:,1) ಲೆಕ್ಕವಾಗುತ್ತದೆ. ಅದರ ಫಲ ದರವಲ್ಲ, ಹೌದು-ಇಲ್ಲ ಅನ್ನುವ 1 ಮತ್ತು 0ಗಳ ಕಾಲಂ. ಆಮೇಲೆ ಆ 1 ಮತ್ತು 0ಗಳನ್ನು 500ರ ಜೊತೆ ಹೋಲಿಸುತ್ತದೆ. 0 ಆಗಲಿ 1 ಆಗಲಿ 500ಕ್ಕಿಂತ ಕಡಿಮೆಯೇ, ಅಲ್ವಾ? ಹಾಗಾಗಿ ಯಾವ ದರ ಕೊಟ್ಟರೂ ಎಲ್ಲವೂ ನಿಜ. ಅವಳು ಮೊದಲು ಕಲಿತದ್ದು ಪೈಥಾನ್. ಅಲ್ಲಿ ಒಂಟಿ ಸಂಖ್ಯೆಗೆ ಈ ಬರವಣಿಗೆ ಸರಿಯಾಗಿಯೇ ನಡೆಯುತ್ತದೆ. ಪೈಥಾನ್‌ನ ಲೆಕ್ಕದ ಲೈಬ್ರರಿಯಾದ ನಂಪೈನ ಅರೇಗೆ (ಅಂಕಿಗಳ ಪಟ್ಟಿಗೆ) ಹೀಗೆ ಬರೆದರೆ ಎರರ್ ಬರುತ್ತದೆ. ಆಕ್ಟೇವ್‌ನಲ್ಲಿ ಎರಡೂ ಅಲ್ಲ: ನಡೆಯುತ್ತದೆ, ತಪ್ಪಾಗಿ.

ಅವಳೇ ಒಂದು ದಾರಿ ಹುಡುಕಿದಳು. ಎರಡು ಹೋಲಿಕೆಗಳನ್ನು ಬೇರೆ ಬೇರೆ ಮಾಡಿ ಗುಣಿಸಿದಳು:

ಆಯ್ಕೆ = (ದರ(:,1) >= 300) .* (ದರ(:,1) <= 500)

ಇದನ್ನು ಕೂಡಿದರೆ 4. ಸರಿ. 320, 410, 480 ಮತ್ತು 300. ಆದರೆ ಇದೇ ಆಯ್ಕೆಯನ್ನು ಇಂಡೆಕ್ಸ್ ಆಗಿ, ಅಂದರೆ ಯಾವ ಜಾಗದ ಅಂಕಿ ಬೇಕು ಅಂತ ಹೇಳುವ ಗುರುತಾಗಿ, ಬಳಸಿ ಆ ನಾಲ್ಕು ಸಾಲುಗಳನ್ನು ತೆಗೆಯಲು ಹೋದರೆ, ಅಂದರೆ ದರ(ಆಯ್ಕೆ, :) ಅಂದರೆ, ಸೊನ್ನೆಯನ್ನು ಇಂಡೆಕ್ಸ್ ಆಗಿ ಬಳಸುವಂತಿಲ್ಲ ಅಂತ ಎರರ್.

ಇಲ್ಲಿ ಸ್ವಲ್ಪ ನಿಲ್ಲಬೇಕು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ: 0, 1, 1, 0, 1, 1. ಆದರೆ ಹೋಲಿಕೆಯಿಂದ ಬಂದ 0 ಮತ್ತು 1 ಲಾಜಿಕಲ್ ಜಾತಿಯವು. ಇಂಡೆಕ್ಸ್ ಜಾಗದಲ್ಲಿ ಅವುಗಳ ಅರ್ಥ "ಈ ಸಾಲು ಬೇಕು, ಈ ಸಾಲು ಬೇಡ". ಗುಣಿಸಿದ ಕೂಡಲೇ ಅವು ಮಾಮೂಲಿ ಸಂಖ್ಯೆಗಳಾಗಿಬಿಡುತ್ತವೆ. ಆಗ ಅರ್ಥ "0ನೇ ಸಾಲು ಕೊಡು, 1ನೇ ಸಾಲು ಕೊಡು". ಆಕ್ಟೇವ್‌ನಲ್ಲಿ ಎಣಿಕೆ 1ರಿಂದ ಶುರು, 0ನೇ ಸಾಲು ಇಲ್ಲ. ಇಲ್ಲಿ ಎರರ್ ಬಂದದ್ದು ಒಳ್ಳೆಯದೇ ಆಯಿತು. ಸೊನ್ನೆ ಇಲ್ಲದೆ ಎಲ್ಲವೂ 1 ಆಗಿದ್ದರೆ ಮೊದಲನೇ ಸಾಲೇ ಆರು ಸಲ ಬರುತ್ತಿತ್ತು, ಎರರ್ ಇಲ್ಲದೆ. ಸರಿಯಾದ ಬರವಣಿಗೆಯಲ್ಲಿ ಗುಣಾಕಾರದ ಬದಲು & ಬರುತ್ತದೆ, ಜಾತಿ ಹಾಗೇ ಉಳಿಯುತ್ತದೆ:

ಆಯ್ಕೆ = (ದರ(:,1) >= 300) & (ದರ(:,1) <= 500)

4,28,060 ರೂಪಾಯಿ

ಒಟ್ಟು ಹಣದ ಲೆಕ್ಕಕ್ಕೆ ಅವಳು ಮೊದಲು ದರ * ಬಾಕ್ಸ್ ಅಂತ ಬರೆದಳು. ಅಳತೆ ಹೊಂದುತ್ತಿಲ್ಲ, ಎರಡೂ 6x3 ಅಂತ ಆಕ್ಟೇವ್ ಹೇಳಿತು. ಮ್ಯಾಟ್ರಿಕ್ಸ್ ಗುಣಾಕಾರಕ್ಕೆ ಮೊದಲನೆಯದರ ಕಾಲಂ ಸಂಖ್ಯೆ, ಎರಡನೆಯದರ ಸಾಲು ಸಂಖ್ಯೆ ಒಂದೇ ಇರಬೇಕು. ಇದು ಅವಳಿಗೆ ಗೊತ್ತಿತ್ತು. ಹಾಗಾಗಿ ಮೊದಲನೆಯದನ್ನು ಟ್ರಾನ್ಸ್‌ಪೋಸ್ ಮಾಡಿದಳು, ಅಂದರೆ ಸಾಲುಗಳನ್ನು ಕಾಲಂ ಮಾಡಿದಳು: ದರ' * ಬಾಕ್ಸ್. ಎರರ್ ಹೋಯಿತು. ಬಂದ ಉತ್ತರವನ್ನು ಪೂರ್ತಿ ಕೂಡಿದಳು. 4,28,060.

ಎರರ್ ಹೋಗಲಿ ಅಂತ ಟ್ರಾನ್ಸ್‌ಪೋಸ್ ಹಾಕುವುದು ಲ್ಯಾಬಿನಲ್ಲಿ ನಾನು ಬಹಳ ನೋಡುತ್ತೇನೆ. ಇದು ನನಗೆ ನಿಜಕ್ಕೂ ಚಿಂತೆಯ ವಿಷಯ. ಎರರ್ ಕೇಳುತ್ತಿದ್ದದ್ದು "ನಿನಗೆ ಯಾವ ಗುಣಾಕಾರ ಬೇಕು" ಅಂತ. ಅದಕ್ಕೆ ಉತ್ತರ ಕೊಡದೆ ಅಳತೆಯನ್ನಷ್ಟೇ ಹೊಂದಿಸಿದರೆ ಆಕ್ಟೇವ್ ಬೇರೆ ಯಾವುದೋ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಡುತ್ತದೆ.

ಅವಳ ತಂದೆ 4 ಲಕ್ಷ ಕೇಳಿ ನಕ್ಕರಂತೆ. ಬ್ಯಾಂಕಿಗೆ ಕಟ್ಟಿದ್ದು, ಅಂಗಡಿಯವರಿಗೆ ಕೊಟ್ಟದ್ದು, ಎಲ್ಲ ಅವರಿಗೆ ನೆನಪಿದೆ. ಅಷ್ಟು ಹಣ ಕೈಗೆ ಬಂದೇ ಇಲ್ಲ.

ಬೇಕಿದ್ದದ್ದು ಜಾಗಕ್ಕೆ ಜಾಗ ಗುಣಿಸುವುದು. ಅದಕ್ಕೆ ನಕ್ಷತ್ರದ ಮುಂದೆ ಚುಕ್ಕೆ ಬೇಕು:

ಹಣ = ದರ .* ಬಾಕ್ಸ್

ಈಗ ಹಣ ಕೂಡ 6x3. ಕಾಲಂವಾರು ಕೂಡಿದರೆ ದಪ್ಪದಿಂದ 1,02,300, ನಡುವಿನಿಂದ 47,300, ಸಣ್ಣದರಿಂದ 13,490. ಒಟ್ಟು 1,63,090. ತಂದೆ ಇದನ್ನು ಕೇಳಿ ಸರಿ ಇರಬಹುದು ಅಂದರು.

ಹಾಗಾದರೆ ಆ 4,28,060 ಏನು? ದರ' * ಬಾಕ್ಸ್ ಅಂದರೆ 3x3 ಮ್ಯಾಟ್ರಿಕ್ಸ್. ಅದರ ಕರ್ಣದ ಮೂರು ಸಂಖ್ಯೆಗಳು 1,02,300, 47,300, 13,490. ಸರಿಯಾದ ಉತ್ತರ ಅಲ್ಲೇ ಇತ್ತು! ಅದರ ಜೊತೆ ಇನ್ನೂ ಆರು ಸಂಖ್ಯೆಗಳು ಸೇರಿಕೊಂಡಿದ್ದವು. ಆ ಆರೂ ಅರ್ಥವಿಲ್ಲದವಲ್ಲ. 1ನೇ ಸಾಲು, 2ನೇ ಕಾಲಂನಲ್ಲಿ 64,050 ಇದೆ. ಅದು ದಪ್ಪದ ದರವನ್ನು ನಡು ಹಣ್ಣಿನ ಬಾಕ್ಸ್‌ಗಳಿಗೆ ಗುಣಿಸಿ ಕೂಡಿದ್ದು. ಅಂದರೆ ನಡು ಹಣ್ಣೆಲ್ಲ ದಪ್ಪ ಆಗಿದ್ದಿದ್ದರೆ ಎಷ್ಟು ಬರುತ್ತಿತ್ತು ಅನ್ನುವ ಲೆಕ್ಕ. ನಿಜವಾಗಿ ಬಂದದ್ದು 47,300. ವ್ಯತ್ಯಾಸ 16,750. ಗೊಬ್ಬರ, ನೀರು ಇನ್ನಷ್ಟು ಕೊಟ್ಟು ಹಣ್ಣಿನ ಗಾತ್ರ ಹೆಚ್ಚಿಸಿದರೆ ಗಿಟ್ಟುತ್ತದಾ ಅಂತ ಯೋಚಿಸುವವರಿಗೆ ಇದು ಬೇಕಾದ ಅಂಕಿಯೇ. ಒಟ್ಟು ಮೊತ್ತದಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ.

ಒಂಟಿ ಇಂಡೆಕ್ಸ್

ಐದನೇ ಮಾರಾಟ ನೋಡಲು ಅವಳು ದರ(5) ಅಂತ ಬರೆಯುತ್ತಿದ್ದಳು. 480 ಬರುತ್ತಿತ್ತು. ಐದನೇ ಸಲದ ದಪ್ಪ ಹಣ್ಣಿನ ದರ ಅದೇ, ಹಾಗಾಗಿ ಅನುಮಾನ ಬರಲಿಲ್ಲ. ಆದರೆ ದರ(8) ಅಂದಾಗ 240 ಬಂತು. ಎಂಟನೇ ಮಾರಾಟವೇ ಇಲ್ಲದಿರುವಾಗ 240 ಎಲ್ಲಿಂದ?

ಒಂದೇ ಇಂಡೆಕ್ಸ್ ಕೊಟ್ಟರೆ ಆಕ್ಟೇವ್ ಮ್ಯಾಟ್ರಿಕ್ಸನ್ನು ಒಂದೇ ಉದ್ದ ಕಾಲಂ ಅಂತ ಓದುತ್ತದೆ. ಮೊದಲ ಕಾಲಂ ಮೇಲಿನಿಂದ ಕೆಳಗೆ, ಆಮೇಲೆ ಎರಡನೆಯದು, ಆಮೇಲೆ ಮೂರನೆಯದು. ಆರು ಮುಗಿದ ಮೇಲೆ 7 ಮತ್ತು 8 ಅಂದರೆ ಎರಡನೇ ಕಾಲಂನ 1 ಮತ್ತು 2ನೇ ಸಾಲು. ಈ ಕ್ರಮ ಬಂದದ್ದು ಫೋರ್ಟ್ರಾನ್ ಅನ್ನುವ ಹಳೆಯ ಪ್ರೋಗ್ರಾಮಿಂಗ್ ಭಾಷೆಯಿಂದ. ಕ್ಲೀವ್ ಮೋಲರ್ 1970ರ ದಶಕದ ಕೊನೆಯಲ್ಲಿ, ಆಕ್ಟೇವ್ ಥರದ್ದೇ ಪ್ರೋಗ್ರಾಂ ಆದ ಮ್ಯಾಟ್‌ಲ್ಯಾಬ್‌ನ ಮೊದಲ ರೂಪ ಬರೆದದ್ದು ಫೋರ್ಟ್ರಾನ್‌ನಲ್ಲೇ. ವಿದ್ಯಾರ್ಥಿಗಳು ಫೋರ್ಟ್ರಾನ್ ಬರೆಯದೆ ಮ್ಯಾಟ್ರಿಕ್ಸ್ ಲೆಕ್ಕ ಮಾಡಲಿ ಅನ್ನುವುದು ಅವರ ಉದ್ದೇಶವಾಗಿತ್ತು. 1992ರಲ್ಲಿ ಜಾನ್ ಈಟನ್ ಆಕ್ಟೇವ್ ಬರೆಯಲು ಶುರು ಮಾಡಿದರು. ಆ ಹೆಸರು ಅವರ ಕೆಮಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಆಕ್ಟೇವ್ ಲೆವೆನ್‌ಸ್ಪೀಲ್ ಅವರದು. ಆಕ್ಟೇವ್ ಕೂಡ ಇದೇ ಕ್ರಮ ಹಿಡಿಯಿತು. ನಂಪೈ ಸುಮ್ನೆ ಬಿಟ್ಟರೆ ಸಾಲುವಾರು ಓದುತ್ತದೆ, ಅದೂ 0ರಿಂದ. ಎರಡೂ ಕಡೆ ಕೆಲಸ ಮಾಡುವವರು ಇದನ್ನು ನೆನಪಿಡಲೇಬೇಕು.

ಅವಳಿಗೆ ಬೇಕಿದ್ದದ್ದು ದರ(5, :). ಐದನೇ ಸಾಲು, ಎಲ್ಲ ಕಾಲಂ.

ಮಾಸ್ಕ್, ಅಂದರೆ ಬೇಕು-ಬೇಡ ಅನ್ನುವ ಲಾಜಿಕಲ್ ಇಂಡೆಕ್ಸ್, ಕೊಡುವ ಸುಖವೂ ಇಲ್ಲೇ ಇದೆ. 400 ದಾಟಿದ ದರಗಳು ಯಾವುವು ಅಂತ ದರ(ದರ > 400) ಕೇಳಿದರೆ 410, 560, 480, 420 ಅಂತ ಒಂದು ಕಾಲಂ ಬರುತ್ತದೆ. ಯಾವ ಸಲ, ಯಾವ ಗಾತ್ರ ಅನ್ನುವ ಗುರುತು ಹೋಗಿರುತ್ತದೆ. ಗುರುತು ಬೇಕಾದರೆ [ಸಾಲು, ಕಾಲಂ] = ಫೈಂಡ್(ದರ > 400). ಆದರೆ ನನಗೆ ಇಷ್ಟವಾದದ್ದು ಅವಳು ತಾನೇ ಬರೆದ ಇನ್ನೊಂದು ಸಾಲು:

ಸಮ್(ಬಾಕ್ಸ್(ದರ > 400))

ಒಂದು ಮ್ಯಾಟ್ರಿಕ್ಸಿನಲ್ಲಿ ಷರತ್ತು, ಇನ್ನೊಂದರಿಂದ ಉತ್ತರ. 400 ದಾಟಿದ ದರಕ್ಕೆ ಹೋದ ಬಾಕ್ಸ್‌ಗಳು 195, ಒಟ್ಟು 492ರಲ್ಲಿ. ಲೂಪ್ ಇಲ್ಲ, ಇಫ್ ಇಲ್ಲ. ಎರಡೂ ಮ್ಯಾಟ್ರಿಕ್ಸಿನ ಅಳತೆ ಒಂದೇ ಇದ್ದದ್ದರಿಂದ ಇದು ಸಾಧ್ಯವಾಯಿತು. ಅವಳ ತಂದೆ ಅತಿ ಹೆಚ್ಚು ಹೊತ್ತು ಮಾತಾಡಿದ್ದು ಈ ಅಂಕಿಯ ಬಗ್ಗೆ.

ದರ ಯಾವಾಗ ತಿರುಗಿತು ಅಂತ ನೋಡಲು ದರ(2:ಎಂಡ್, 1) - ದರ(1:ಎಂಡ್-1, 1) ಸಾಕು. 70, 90, 150, -80, -180. ಕೋಲನ್‌ಗಿಂತ ಮೈನಸ್ ಮೊದಲು ಲೆಕ್ಕವಾಗುವುದರಿಂದ 1:ಎಂಡ್-1 ಅಂದರೆ ಕೊನೆಯ ಹಿಂದಿನದರ ತನಕ. ಬ್ರಾಕೆಟ್ ಬೇಕಿಲ್ಲ.

ಖರ್ಚು ಕಳೆದಾಗ ಆರು ಪಟ್ಟು ಲಾಭ

ಪ್ರತಿ ಸಲದ ಬಾಡಿಗೆ, ಕೂಲಿ ಸೇರಿಸಿ ಅವಳು ಬರೆದದ್ದು:

ಖರ್ಚು = [2000 3000 4000 4200 3800 2500]

ಇದು 1x6, ಅಡ್ಡಲಾಗಿ ಮಲಗಿದೆ. ಪ್ರತಿ ಸಲದ ಹಣ ಸಮ್(ಹಣ, 2), ಅದು 6x1, ನಿಂತಿದೆ. ಒಂದರಿಂದ ಇನ್ನೊಂದನ್ನು ಕಳೆದು ಪೂರ್ತಿ ಕೂಡಿದಳು. 8,61,540 ಬಂತು. ಖರ್ಚು ಕಳೆದ ಮೇಲೆ ಹಣ ಜಾಸ್ತಿ ಆಗಿತ್ತು!

ನಿಂತ ಕಾಲಂನಿಂದ ಮಲಗಿದ ಸಾಲು ಕಳೆದರೆ ಆಕ್ಟೇವ್ ಎರಡನ್ನೂ ಹಿಗ್ಗಿಸಿ 6x6 ಮಾಡುತ್ತದೆ. ಪ್ರತಿ ಸಲದ ಹಣದಿಂದ ಪ್ರತಿ ಸಲದ ಖರ್ಚನ್ನೂ ಕಳೆಯುತ್ತದೆ. ಇದಕ್ಕೆ ಬ್ರಾಡ್‌ಕಾಸ್ಟಿಂಗ್ ಅನ್ನುತ್ತಾರೆ. ಆಕ್ಟೇವ್‌ಗೆ ಇದು 2012ರ 3.6 ಆವೃತ್ತಿಯಲ್ಲಿ ತಾನಾಗಿ ಆಗುವಂತೆ ಬಂತು, ಮ್ಯಾಟ್‌ಲ್ಯಾಬ್‌ಗೆ 2016ರಲ್ಲಿ. ಅದಕ್ಕೂ ಮೊದಲು ಇದೇ ಸಾಲಿಗೆ ಎರರ್ ಬರುತ್ತಿತ್ತು. ಪ್ರತಿ ದರದಿಂದ ಅದರ ಕಾಲಂನ ಸರಾಸರಿ ಕಳೆಯುವಂಥ ಕೆಲಸಕ್ಕೆ ಬ್ರಾಡ್‌ಕಾಸ್ಟಿಂಗ್ ತುಂಬ ಅನುಕೂಲ, ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಹಳೆಯ ಎರರ್ ಮಾಡುತ್ತಿದ್ದ ಕಾವಲು ಈಗ ಬರೆಯುವವರ ಮೇಲೆ ಬಿದ್ದಿದೆ.

ಖರ್ಚನ್ನು ಖರ್ಚು(:) ಅಂತ ಬರೆದರೆ ಅದು ನಿಲ್ಲುತ್ತದೆ. ಆಗ ಉತ್ತರ 6x1, ಕೂಡಿದರೆ 1,43,590. ತಪ್ಪು ಉತ್ತರ ಇದರ ಸರಿಯಾಗಿ ಆರು ಪಟ್ಟು. 6x6ರಲ್ಲಿ ಪ್ರತಿ ಹಣವೂ ಆರು ಸಲ, ಪ್ರತಿ ಖರ್ಚೂ ಆರು ಸಲ ಬಂದಿರುವುದರಿಂದ ಅದು ಹಾಗೇ ಆಗಬೇಕು. ಇದು ಬಾಡಿಗೆ, ಕೂಲಿ ಕಳೆದ ಲೆಕ್ಕ ಮಾತ್ರ. ಸಸಿ, ಕಡ್ಡಿ, ಔಷಧಿ, ಡ್ರಿಪ್ ಇದರಲ್ಲಿ ಇಲ್ಲ.

ಏಳನೇ ಸಲ ಮತ್ತು ಸೊನ್ನೆ

ಎಲ್ಲ ಸರಿಹೋಯಿತು ಅನ್ನುವಾಗ ಇನ್ನೊಂದು ಚೀಟಿ ಸಿಕ್ಕಿತು. ಬೆಳೆಯ ಕೊನೆಯಲ್ಲಿ ಸಣ್ಣ ಹಣ್ಣು ಮಾತ್ರ ಹೋಗಿತ್ತು, 80 ರೂಪಾಯಿಯಂತೆ 30 ಬಾಕ್ಸ್. ಅವಳು ಸೇರಿಸಿದಳು:

ದರ(7,3) = 80, ಬಾಕ್ಸ್(7,3) = 30

ಇಲ್ಲದ ಏಳನೇ ಸಾಲನ್ನು ಓದಲು ಹೋದರೆ ಎರರ್ ಬರುತ್ತದೆ. ಬರೆಯಲು ಹೋದರೆ ಬರುವುದಿಲ್ಲ. ಆಕ್ಟೇವ್ ಮ್ಯಾಟ್ರಿಕ್ಸನ್ನೇ ಬೆಳೆಸಿ, ಖಾಲಿ ಜಾಗಗಳಿಗೆ 0 ತುಂಬುತ್ತದೆ. ಹಾಗಾಗಿ ದರದ ಏಳನೇ ಸಾಲು ಈಗ 0, 0, 80. ದಪ್ಪ ಹಣ್ಣಿನ ಸರಾಸರಿ ಇದ್ದಕ್ಕಿದ್ದಂತೆ 386.67ರಿಂದ 331.43ಕ್ಕೆ ಇಳಿಯಿತು. ದಪ್ಪ ಹಣ್ಣಿನ ಒಂದು ಬಾಕ್ಸೂ ಹೊಸದಾಗಿ ಹೋಗಿರಲಿಲ್ಲ.

ಬಾಕ್ಸ್ ಮ್ಯಾಟ್ರಿಕ್ಸಿನಲ್ಲಿ ಆ 0 ಸರಿ. ಒಂದೂ ಹೋಗಲಿಲ್ಲ ಅಂತ ಅರ್ಥ. ದರದ ಮ್ಯಾಟ್ರಿಕ್ಸಿನಲ್ಲಿ ಅದೇ 0 ತಪ್ಪು. ಕೋಲಾರದಲ್ಲಿ ಇದು ಸಣ್ಣ ವಿಷಯವಲ್ಲ. ದರ ಪೂರ್ತಿ ಬಿದ್ದಾಗ ರೈತರು ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋದದ್ದನ್ನು ಈ ಜಿಲ್ಲೆ ನೋಡಿದೆ. ಅಂಥ ದಿನದ ದರ ನಿಜಕ್ಕೂ ಸೊನ್ನೆಯೇ, ಅದು ಸರಾಸರಿಯಲ್ಲಿ ಸೇರಲೇಬೇಕು. ಮಾರಾಟವೇ ಇಲ್ಲದ ದಿನದ ಸೊನ್ನೆ ಸೇರಬಾರದು. ಎರಡನ್ನೂ ಒಂದೇ ಅಂಕಿಯಲ್ಲಿ ಇಟ್ಟರೆ ಆಮೇಲೆ ಬೇರೆ ಮಾಡಲು ಆಗುವುದಿಲ್ಲ.

ಅದಕ್ಕೆ ದರ ಇಲ್ಲದ ಜಾಗಕ್ಕೆ ನಾನ್ ಹಾಕಿಸಿದೆ, ಅಂದರೆ "ಸಂಖ್ಯೆ ಅಲ್ಲ" ಅನ್ನುವ ಗುರುತು. ದರ(7, 1:2) = ನಾನ್. ಈಗ ನೇರವಾಗಿ ಸರಾಸರಿ ಕೇಳಿದರೆ ಉತ್ತರವೂ ನಾನ್. ಬಾಕ್ಸ್ ಹೋದ ಸಾಲುಗಳಿಂದ ಮಾತ್ರ ತೆಗೆದರೆ, ಮೀನ್(ದರ(ಬಾಕ್ಸ್(:,1) > 0, 1)) ಅಂದರೆ, ಮತ್ತೆ 386.67. ನಾನ್ ಎಲ್ಲಿದೆ ಅಂತ ಹುಡುಕಲು == ಕೆಲಸಕ್ಕೆ ಬರುವುದಿಲ್ಲ, ನಾನ್ ತನಗೆ ತಾನೇ ಸಮ ಅಲ್ಲ. ಇಸ್‌ನಾನ್ ಬಳಸಬೇಕು. ಹಣ ಕೂಡುವಾಗಲೂ ಆ ಜಾಗಗಳನ್ನು ಬಿಟ್ಟು ಕೂಡಬೇಕು.

ಆದರೆ 386.67 ಕೂಡ ಅವಳ ತಂದೆ ಕೇಳಿದ ಸರಾಸರಿಯಲ್ಲ. 20 ಬಾಕ್ಸ್ ಹೋದ ದಿನಕ್ಕೂ 60 ಬಾಕ್ಸ್ ಹೋದ ದಿನಕ್ಕೂ ಅದು ಒಂದೇ ತೂಕ ಕೊಡುತ್ತದೆ. ಬಾಕ್ಸಿಗೆ ಎಷ್ಟು ಬಿತ್ತು ಅಂದರೆ ದಪ್ಪದ ಹಣ 1,02,300ನ್ನು 245 ಬಾಕ್ಸಿಗೆ ಭಾಗಿಸಬೇಕು. 417.55. ಹೆಚ್ಚು ಹಣ್ಣು ಹೋದದ್ದು ಒಳ್ಳೆಯ ದರ ಇದ್ದಾಗ ಅಂತ ಇದರಿಂದಲೇ ಕಾಣುತ್ತದೆ.

ಖರ್ಚು ಈಗ ನಿಂತ ಕಾಲಂ ಆಗಿದ್ದದ್ದರ ಉಪಯೋಗ ಇಲ್ಲಿ ತಿಳಿಯಿತು. ಏಳನೇ ಸಲದ 1,200 ಸೇರಿಸಲು ಅವಳು ಮರೆತಿದ್ದಳು. 7x1ರಿಂದ 6x1 ಕಳೆಯಲು ಆಗುವುದಿಲ್ಲ ಅಂತ ಆಕ್ಟೇವ್ ನಿಲ್ಲಿಸಿತು. ಹಳೆಯ ಮಲಗಿದ ಸಾಲೇ ಇದ್ದಿದ್ದರೆ 7x6 ಮಾಡಿ ಸುಮ್ನೆ ಮುಂದೆ ಹೋಗುತ್ತಿತ್ತು. ಸೇರಿಸಿದ ಮೇಲೆ ಬಂದದ್ದು 1,65,490, ಖರ್ಚು 20,700, ಉಳಿದದ್ದು 1,44,790.

ಫೈಲಿನ ಮೇಲ್ಭಾಗದಲ್ಲಿ ಈಗ ಒಂದು ಸಾಲು ಇದೆ: ಅಸರ್ಟ್(ಸೈಜ್(ದರ), ಸೈಜ್(ಬಾಕ್ಸ್)). ಅಳತೆ ಬೇರೆಯಾದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಪ್ರತಿ ಲೆಕ್ಕದ ಪಕ್ಕದಲ್ಲಿ ಉತ್ತರ ಯಾವ ಅಳತೆಯದ್ದು ಇರಬೇಕು ಅಂತ ಕಾಮೆಂಟ್ ಬರೆದಿದ್ದಾಳೆ. ಮೊತ್ತ ನೋಡುವ ಮೊದಲು ಅಳತೆ ನೋಡುತ್ತಾಳೆ. ಇಡೀ ಪ್ರಕರಣದಲ್ಲಿ ಅವಳು ಕಲಿತದ್ದರಲ್ಲಿ ನನಗೆ ಮುಖ್ಯ ಅನಿಸುವುದು ಇದು. 3x3 ಬಂದಾಗ, 6x6 ಬಂದಾಗ ತಂದೆಯವರೆಗೆ ಹೋಗುವ ಅಗತ್ಯವೇ ಇರಲಿಲ್ಲ, ಅಳತೆಯೇ ಹೇಳುತ್ತಿತ್ತು. ಹೋಲಿಕೆಯ ತಪ್ಪಿನಲ್ಲಿ ಮಾತ್ರ ಅಳತೆ ಏನೂ ಹೇಳುತ್ತಿರಲಿಲ್ಲ, ಅಲ್ಲಿ 250 ನೆನಪಿದ್ದವರೇ ಬೇಕಿತ್ತು.

ಮುಂದಿನ ಬೆಳೆಗೆ ಎರಡು ಮಂಡಿಗಳಿಗೆ ಹಣ್ಣು ಹಾಕುವ ಯೋಚನೆ ಇದೆಯಂತೆ. "ಸರ್, ಇನ್ನೊಂದು ಮ್ಯಾಟ್ರಿಕ್ಸ್ ಮಾಡಲಾ?" ಅಂತ ಕೇಳಿದಳು. ಬೇಡ, ಮೂರನೇ ಇಂಡೆಕ್ಸ್ ಸಾಕು ಅಂದೆ. ದರ(ಸಲ, ಗಾತ್ರ, ಮಂಡಿ). ಒಂದು ಎಚ್ಚರಿಕೆ ಮಾತ್ರ ಹೇಳಿದೆ. 7x3x2 ಇರುವಾಗ ಮರೆತು ಎರಡೇ ಇಂಡೆಕ್ಸ್ ಬರೆದು ದರ(:, 4) ಅಂದರೂ ಎರರ್ ಬರುವುದಿಲ್ಲ. ಕೊನೆಯ ಇಂಡೆಕ್ಸ್ ಉಳಿದ ಆಯಾಮಗಳನ್ನೆಲ್ಲ ಸಾಲಾಗಿ ಎಣಿಸುತ್ತದೆ, ಎರಡನೇ ಮಂಡಿಯ ದಪ್ಪ ಹಣ್ಣಿನ ಕಾಲಂ ಬರುತ್ತದೆ. ಮೂರು ಆಯಾಮ ಇದ್ದಾಗ ಮೂರನ್ನೂ ಬರೆಯಬೇಕು, ಬೇಡದಿದ್ದಲ್ಲಿ ಕೋಲನ್ ಆದರೂ ಇಡಬೇಕು.